ಕಾರಂಜಿಗೆ ಮೊದಲು ಕಟ್ಟೆ ನೋಡಿ

ಮಳೆ ಹಿಡಿಯಿತೆಂದರೆ ಪುಣೆಯಲ್ಲಿರುವ ನಾವು ಖಡಕ್‌ವಾಸ್ಲಾ ಅಣೆಕಟ್ಟೆಗೆ ಹೊರಡುತ್ತೇವೆ, ಮೈಸೂರಿನವರು ಕೆ.ಆರ್.ಎಸ್‌ಗೆ. ಎರಡೂ ಊರಿನಿಂದ ಸುಮಾರು 20 ಕಿ.ಮೀ. ಎರಡಕ್ಕೂ ವಿಶ್ವೇಶ್ವರಯ್ಯನವರ ನಂಟಿದೆ. ನೀರು ಮಟ್ಟ ಮೀರಿದರೆ ತಾವೇ ತೆರೆದು, ಇಳಿದರೆ ತಾವೇ ಮುಚ್ಚಿಕೊಳ್ಳುವ ಗೇಟುಗಳನ್ನು ಅವರು ಮೊದಲು ಕೂರಿಸಿದ್ದು 1903ರಲ್ಲಿ, ಖಡಕ್‌ವಾಸ್ಲಾದಲ್ಲಿ. ಕನ್ನಂಬಾಡಿಗೆ, ಅಂದರೆ ಕೆ.ಆರ್.ಎಸ್‌ಗೆ, ಅವು ಬಂದದ್ದು ಆಮೇಲೆ.

ನೋಡುವ ರೀತಿ ಮಾತ್ರ ಬೇರೆ. ಪುಣೆಯವರು ನೇರ ನೀರಿನಂಚಿಗೇ ಹೋಗಿ ಕೂರುತ್ತಾರೆ. ಸುಟ್ಟ ಜೋಳ, ಕಾಂದಾ ಭಜಿ, ಗಂಟೆಗಟ್ಟಲೆ ಹರಟೆ. ಕಸವನ್ನೂ ಅಲ್ಲೇ ಬಿಟ್ಟು ಬರುತ್ತಾರೆ, ಅದು ಬೇಡ. ಆದರೆ ನೀರನ್ನಂತೂ ಕಣ್ತುಂಬ ನೋಡುತ್ತಾರೆ. ಮೈಸೂರಿನ ಕಡೆ ಬಹುತೇಕರು ಸಂಜೆ ಬೃಂದಾವನಕ್ಕೆ ಬಂದು, ಸಂಗೀತ ಕಾರಂಜಿ ಮುಗಿದೊಡನೆ ಬಸ್ ಹತ್ತುತ್ತಾರೆ. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಸೇರಿ ನಿಲ್ಲುವ 49 ಟಿಎಂಸಿ ನೀರು ಕತ್ತಲಲ್ಲಿ, ಕಟ್ಟೆಯ ಆಚೆ ಬದಿಯಲ್ಲೇ ಉಳಿಯುತ್ತದೆ. ನನಗೆ ಇದು ನಿಜಕ್ಕೂ ಬೇಸರ.

ಹೊರಡುವ ಮುನ್ನ ಪತ್ರಿಕೆಯಲ್ಲಿ ಬರುವ ಕೆ.ಆರ್.ಎಸ್ ಜಲಾಶಯದ ಮಟ್ಟ ನೋಡಿಕೊಳ್ಳಿ. ಭರ್ತಿ ಮಟ್ಟ 124.80 ಅಡಿ. ಕಟ್ಟೆ ತುಂಬಿದೆ ಅಂದಮಾತ್ರಕ್ಕೆ ಗೇಟಿನಿಂದ ನೀರು ಧುಮುಕುತ್ತಿರುತ್ತದೆ ಎಂದಲ್ಲ, ಹೊರಹರಿವನ್ನೂ ಓದಬೇಕು. ಕೆಲವೇ ಸಾವಿರ ಕ್ಯೂಸೆಕ್ ಇದ್ದರೆ ಅದು ಹೆಚ್ಚಾಗಿ ನಾಲೆಗೆ, ವಿದ್ಯುತ್ ಘಟಕಕ್ಕೆ ಹೋಗುವ ನೀರು. ಕೊಡಗಿನಲ್ಲಿ ಮಳೆ ಜೋರಾಗಿ ಹೊರಹರಿವು ಹತ್ತಾರು ಸಾವಿರ ಮುಟ್ಟಿದಾಗ ಗೇಟುಗಳ ನೊರೆ ನೋಡಬಹುದು. ಅದೇ ದಿನ ರಂಗನತಿಟ್ಟಿನ ದೋಣಿ ನಂಬಿಕೊಂಡು ಹೋಗಬೇಡಿ, ಹೊಳೆ ಏರಿದರೆ ನಿಲ್ಲಿಸುತ್ತಾರೆ. ಶ್ರೀರಂಗಪಟ್ಟಣದ ಸ್ನಾನಘಟ್ಟಗಳಲ್ಲೂ ಇಳಿಯಬಾರದು.

ಕಟ್ಟೆಯ ಮೇಲೆ ಸಾರ್ವಜನಿಕರನ್ನು ಬಿಡುವುದಿಲ್ಲ. ಹಾಗಾಗಿ ಜಲಾಶಯ ನೋಡಬೇಕೆಂದರೆ ಹೊಸ ಕನ್ನಂಬಾಡಿಗೇ ಹೋಗಿ, ಹಗಲಿನಲ್ಲೇ. ಜಲಾಶಯದಲ್ಲಿ ಮುಳುಗಿದ ಹಳೆ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನವನ್ನು ಕಲ್ಲು ಕಲ್ಲೇ ಬಿಚ್ಚಿ ತಂದು ಅಲ್ಲಿ ಕಟ್ಟಿದ್ದಾರೆ. ಭರ್ತಿಯಿದ್ದಾಗ ಹಿನ್ನೀರು ಹತ್ತಿರಕ್ಕೇ ಬರುತ್ತದೆ. ಬೇಸಿಗೆಯಲ್ಲಿ ದೂರ ಸರಿದು ಗೋಡು ಮಣ್ಣು ಬಿಟ್ಟುಹೋಗುತ್ತದೆ. ಆ ಮಣ್ಣು ಮೇಲೆ ಒಣಗಿ ಬಿರುಕು ಬಿಟ್ಟಂತೆ ಕಂಡರೂ ಅಡಿಯಲ್ಲಿ ಹಸಿ. ಕಾಲಿಟ್ಟರೆ ಹೂತುಹೋಗುತ್ತದೆ, ಕಾರು ಇಳಿಸಿದರೆ ಟ್ರ್ಯಾಕ್ಟರ್ ಕರೆಸಬೇಕಾಗುತ್ತದೆ. ಗಾಡಿ ದೇವಸ್ಥಾನದ ಬಳಿಯೇ ಬಿಟ್ಟು ನಡೆಯಿರಿ, ತಂದ ತಿಂಡಿಯ ಪೊಟ್ಟಣ ವಾಪಸ್ ತನ್ನಿ.