ಕೀವಿಗಳನ್ನು ಕಾಡಿಗೆ ಬಿಟ್ಟ ಮೇಲೆ ಉಳಿಯುವ ಕೆಲಸ

ನ್ಯೂಜಿಲೆಂಡ್‌ನಲ್ಲಿ ಕೀವಿ ಹಕ್ಕಿಗಳನ್ನು ಹೊಸ ನೆಲೆಗೆ ಬಿಡುವ ಸಮಾರಂಭಗಳ ಚಿತ್ರಗಳನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಹಕ್ಕಿಯನ್ನು ಎದೆಗೆ ಒತ್ತಿಕೊಂಡು ನಿಂತ ಕಾರ್ಯಕರ್ತರು, ಸುತ್ತ ಕಣ್ಣರಳಿಸಿ ನೋಡುವ ಮಕ್ಕಳು, ಹಕ್ಕಿಯನ್ನು ಬೀಳ್ಕೊಡುವ ಮತ್ತು ಬರಮಾಡಿಕೊಳ್ಳುವ, ಇಲ್ಲಿಯ ಮೂಲನಿವಾಸಿಗಳಾದ ಮಾವೊರಿ ಹಿರಿಯರು. ಕೀವಿ ಮಾವೊರಿ ಜನರಿಗೆ ಪೂರ್ವಿಕರಿಂದ ಬಂದ ನಿಧಿ. ಆದ್ದರಿಂದ ಈ ವಿಧಿಗಳಿಗೆ ಇರುವ ಅರ್ಥ ದೊಡ್ಡದು, ಅವುಗಳ ಬಗ್ಗೆ ನನಗೆ ಪೂರ್ಣ ಗೌರವವಿದೆ. ಆದರೆ ಕೀವಿಯ ಅಳಿವು ಉಳಿವು ಆ ಒಂದು ದಿನದಲ್ಲಿ ನಿರ್ಧಾರವಾಗುವುದಿಲ್ಲ. ಅದಕ್ಕೆ ಹಲವು ವರ್ಷ ಮೊದಲಿನಿಂದ ಹಿಡಿದು ಹಲವು ದಶಕಗಳ ನಂತರದವರೆಗೂ, ಮಳೆಯಲ್ಲಿ ಗುಡ್ಡ ಹತ್ತಿ, ಕೀವಿಯನ್ನು ಕೊಲ್ಲುವ ಪ್ರಾಣಿಗಳಿಗೆ ಹೂಡಿದ ಬೋನುಗಳನ್ನು ನೋಡಿ ಬರುವವರು ಮತ್ತು ಚಳಿಗಾಲದ ಕತ್ತಲೆಯಲ್ಲಿ ಕುಳಿತು ಹಕ್ಕಿಯ ಕೂಗನ್ನು ಲೆಕ್ಕ ಹಾಕುವವರು ಅದನ್ನು ನಿರ್ಧರಿಸುತ್ತಾರೆ. ಹಣವಾಗಲಿ, ಜನರ ಗಮನವಾಗಲಿ, ಈ ಕೆಲಸಕ್ಕೆ ಮೊದಲು ಸಲ್ಲಬೇಕು ಎಂಬುದು ವೆಲ್ಲಿಂಗ್ಟನ್‌ನಲ್ಲಿ ನೆಲೆಸಿರುವ ನನ್ನ ದೃಢವಾದ ಅಭಿಪ್ರಾಯ.

ಐದು ಪ್ರಭೇದಗಳನ್ನೂ ಸೇರಿಸಿದರೆ ಇಂದು ಇರುವ ಕೀವಿಗಳು ಸುಮಾರು 70,000. ರಕ್ಷಣೆಯ ಕೆಲಸ ನಡೆಯದ ಪ್ರದೇಶಗಳಲ್ಲಿ ಅವು ವರ್ಷಕ್ಕೆ ಸುಮಾರು ಶೇ 2ರಷ್ಟು ಕಡಿಮೆಯಾಗುತ್ತಿವೆ. ಇದಕ್ಕೆ ಮುಖ್ಯ ಕಾರಣ ಸ್ಟೋಟ್ ಎಂಬ ಪ್ರಾಣಿ. ನಮ್ಮ ಮುಂಗುಸಿಗಿಂತ ಚಿಕ್ಕದಾದ, ತೆಳುಮೈಯ ಈ ಬೇಟೆಗಾರನನ್ನು 1880ರ ದಶಕದಲ್ಲಿ ಮೊಲಗಳ ಹಾವಳಿ ತಡೆಯಲೆಂದು ಇಲ್ಲಿಗೆ ತಂದು ಬಿಟ್ಟರು. ಕೀವಿ ಮರಿಗೆ ತಂದೆತಾಯಿ ಉಣಿಸುವುದಿಲ್ಲ. ಪೂರ್ತಿ ಗರಿ ಮೂಡಿಯೇ ಮೊಟ್ಟೆಯಿಂದ ಹೊರಬರುವ ಮರಿ ಮೊದಲ ಕೆಲವು ದಿನ ಹೊಟ್ಟೆಯಲ್ಲಿ ಉಳಿದ ಹಳದಿಯ ಬಲದಿಂದ ಬದುಕಿ, ಆಮೇಲೆ ಒಂಟಿಯಾಗಿ ಮೇಯಲು ಹೊರಡುತ್ತದೆ. ಅದರ ತೂಕ ಸುಮಾರು ಒಂದು ಕಿಲೋ ತಲುಪುವವರೆಗೆ ಸ್ಟೋಟ್‌ನ ಎದುರು ಸೆಣಸುವ ಶಕ್ತಿ ಅದಕ್ಕೆ ಇರುವುದಿಲ್ಲ. ರಕ್ಷಣೆಯಿಲ್ಲದ ಕಾಡಿನಲ್ಲಿ ಹುಟ್ಟುವ ನೂರು ಮರಿಗಳಲ್ಲಿ ಪ್ರಾಯಕ್ಕೆ ಬರುವುದು ಸರಿಸುಮಾರು ಐದು.

ಬೋನು ನೋಡುವ ಕೆಲಸಕ್ಕೆ ಕೊನೆಯೇ ಇಲ್ಲವೇಕೆ ಎಂಬ ಪ್ರಶ್ನೆಗೂ ಸ್ಟೋಟ್‌ನ ಜೀವನಕ್ರಮದಲ್ಲೇ ಉತ್ತರವಿದೆ. ಹೆಣ್ಣು ಸ್ಟೋಟ್ ಇನ್ನೂ ಗೂಡಿನಲ್ಲಿ ಹಾಲು ಕುಡಿಯುವ ಮರಿಯಾಗಿರುವಾಗಲೇ ಗಂಡಿನೊಂದಿಗೆ ಅದರ ಕೂಡುವಿಕೆ ನಡೆದುಹೋಗಿರುತ್ತದೆ, ಭ್ರೂಣಗಳ ಬೆಳವಣಿಗೆ ಮಾತ್ರ ಮುಂದಿನ ವಸಂತದವರೆಗೆ ತಡೆದು ನಿಲ್ಲುತ್ತದೆ. ಅಂದರೆ ಸ್ಟೋಟ್‌ಗಳೇ ಇಲ್ಲದಂತೆ ಮಾಡಿದ ಒಂದು ಕಾಡಿಗೆ ಹತ್ತಾರು ಕಿಲೋಮೀಟರ್ ದೂರದಿಂದ ಒಂಟಿಯಾಗಿ ನಡೆದುಬಂದ ಒಂದೇ ಒಂದು ಹೆಣ್ಣು, ಜೊತೆಗೆ ಗಂಡು ಇಲ್ಲದೆಯೂ, ಅಲ್ಲಿ ಹೊಸ ಸಂತತಿಯನ್ನು ಆರಂಭಿಸಬಲ್ಲದು. ಮರದ ಸುರಂಗದೊಳಗಿನ ಬೋನಿಗೆ ಮೊಲದ ಮಾಂಸವನ್ನೋ ಮೊಟ್ಟೆಯನ್ನೋ ಇಟ್ಟು, ತುಕ್ಕು ಹಿಡಿದ ಸ್ಪ್ರಿಂಗ್ ಬದಲಿಸಿ, ಸಿಕ್ಕಿದ್ದನ್ನು ದಾಖಲಿಸಿ, ಮತ್ತೆ ಹೂಡಿ ಬರುವ ಕೆಲಸವನ್ನು ಒಂದು ಋತು ಕೈಬಿಟ್ಟರೆ ಹಿಂದಿನ ಹಲವು ವರ್ಷಗಳ ಶ್ರಮ ಕರಗತೊಡಗುತ್ತದೆ.

ಇನ್ನು ಎಣಿಕೆಯ ವಿಚಾರ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಮನೆಯಂಗಳದ ಹುಣಸೆಮರದಲ್ಲೇ ಗೂಡು ಕಟ್ಟುತ್ತವೆ. ಈ ವರ್ಷ ಎಷ್ಟು ಬಂದವು, ಎಷ್ಟು ಮರಿ ಬಿದ್ದವು ಎಂಬುದು ಊರಿನವರ ಕಣ್ಣಿಗೆ ಬೀಳುತ್ತದೆ. ಕೀವಿ ಹಾಗಲ್ಲ. ಹಗಲೆಲ್ಲ ಬಿಲದಲ್ಲೋ ಟೊಳ್ಳು ಮರದಲ್ಲೋ ಅಡಗಿದ್ದು ರಾತ್ರಿ ಮಾತ್ರ ಹೊರಬರುವ ಈ ಹಕ್ಕಿಯನ್ನು, ಅದೇ ಕಾಡಿನ ಅಂಚಿನಲ್ಲಿ ಜೀವಮಾನವಿಡೀ ಬದುಕಿದವರೂ ಕಂಡಿರಲಾರರು. ಹಾಗಾಗಿ ಇಲ್ಲಿಯ ಎಣಿಕೆ ಬಹುಮಟ್ಟಿಗೆ ಆಲಿಸುವ ಕೆಲಸ. ಪ್ರತಿ ವರ್ಷ ಮೇ, ಜೂನ್ ತಿಂಗಳುಗಳಲ್ಲಿ, ಬೆಳದಿಂಗಳಿಲ್ಲದ ರಾತ್ರಿಗಳಲ್ಲಿ, ಸ್ವಯಂಸೇವಕರು ನಿಗದಿತ ದಿಬ್ಬಗಳ ಮೇಲೆ ಎರಡು ಗಂಟೆ ಕಾಲ ಮಾತಿಲ್ಲದೆ ಕುಳಿತು, ಕೇಳಿಬಂದ ಪ್ರತಿಯೊಂದು ಕೂಗಿನ ಸಮಯ, ದಿಕ್ಕು, ಅಂದಾಜು ದೂರವನ್ನು ಬರೆದುಕೊಳ್ಳುತ್ತಾರೆ. ಗಂಡಿನದು ಮೇಲಕ್ಕೇರುವ ಸಿಳ್ಳಿನಂಥ ತೀಕ್ಷ್ಣ ದನಿ, ಹೆಣ್ಣಿನದು ಗೊಗ್ಗರು ದನಿ, ಸ್ವಲ್ಪ ಅಭ್ಯಾಸವಾದರೆ ಯಾರಾದರೂ ಗುರುತಿಸಬಹುದು. ಮರುವರ್ಷ ಅದೇ ದಿಬ್ಬ, ಅದೇ ಕಾಲ, ಅದೇ ಕ್ರಮ. ವಿಧಾನ ಬದಲಾಗದಿರುವುದರಿಂದಲೇ ಎರಡು ದಶಕಗಳ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಲು ಸಾಧ್ಯವಾಗುತ್ತದೆ. ಇತ್ತೀಚೆಗೆ ಮರಕ್ಕೆ ಕಟ್ಟಿದ ಧ್ವನಿಮುದ್ರಕಗಳೂ ಈ ಕೆಲಸಕ್ಕೆ ಬಂದಿವೆ.

ಆದರೆ ಕೂಗಿನ ಲೆಕ್ಕವೊಂದನ್ನೇ ನಂಬಿದರೆ ಅಪಾಯವಿದೆ, ಈ ಮಾತನ್ನು ನಾನು ಒತ್ತಿ ಹೇಳಬಯಸುತ್ತೇನೆ. ಕೂಗುವುದು ಮುಖ್ಯವಾಗಿ ತಮ್ಮದೇ ನೆಲೆ ಸ್ಥಾಪಿಸಿಕೊಂಡ ಪ್ರಾಯದ ಹಕ್ಕಿಗಳು. ಅವು ಮೂವತ್ತು, ನಲವತ್ತು ವರ್ಷ ಬದುಕಬಲ್ಲವು. ಒಂದು ಕಾಡಿನಲ್ಲಿ ಹುಟ್ಟಿದ ಮರಿಗಳೆಲ್ಲ ಸ್ಟೋಟ್‌ಗಳ ಪಾಲಾಗುತ್ತಿದ್ದರೂ ಮುದಿ ಜೋಡಿಗಳು ವರ್ಷದಿಂದ ವರ್ಷಕ್ಕೆ ಕೂಗುತ್ತಲೇ ಇರುತ್ತವೆ, ಕೇಳಿದವರು ಎಲ್ಲವೂ ಚೆನ್ನಾಗಿದೆ ಎಂದುಕೊಳ್ಳುತ್ತಾರೆ. ಆ ಕೂಗುಗಳು ಕಡಿಮೆಯಾಗತೊಡಗುವ ಹೊತ್ತಿಗೆ ಒಂದು ಇಡೀ ತಲೆಮಾರು ಕೈತಪ್ಪಿರುತ್ತದೆ. ಈ ಕಾರಣಕ್ಕಾಗಿಯೇ ಕೆಲವು ಹಕ್ಕಿಗಳ ಕಾಲಿಗೆ ಪುಟ್ಟ ರೇಡಿಯೋ ಟ್ರಾನ್ಸ್‌ಮಿಟರ್ ಕಟ್ಟುತ್ತಾರೆ. ಕಂದು ಕೀವಿಗಳಲ್ಲಿ ಕಾವು ಕೂರುವುದು ಗಂಡು, ಅದೂ ಸುಮಾರು ಎಂಬತ್ತು ದಿನಗಳ ಕಾಲ. ಅದು ರಾತ್ರಿ ಎಷ್ಟು ಹೊತ್ತು ಓಡಾಡಿತು ಎಂಬುದನ್ನು ಟ್ರಾನ್ಸ್‌ಮಿಟರ್‌ನ ಮಿಡಿತಗಳು ತಿಳಿಸುತ್ತವೆ. ಓಡಾಟ ಒಮ್ಮೆಲೇ ಕಡಿಮೆಯಾದರೆ ಹಕ್ಕಿ ಕಾವು ಕೂತಿದೆ ಎಂದರ್ಥ. ನಂತರ ಮರಿ ಹೊರಬಂತೇ, ಬದುಕಿತೇ ಎಂದು ಹಿಂಬಾಲಿಸಿ ನೋಡಬಹುದು. ಬ್ಯಾಟರಿ ಮುಗಿಯುವ ಮೊದಲು ಆ ಹಕ್ಕಿಯನ್ನು ಮತ್ತೆ ಹಿಡಿದು ಟ್ರಾನ್ಸ್‌ಮಿಟರ್ ಬದಲಿಸಬೇಕು. ಇದನ್ನು ತರಬೇತಿ ಮತ್ತು ಪರವಾನಗಿ ಇರುವವರು ಮಾತ್ರ ಮಾಡಬಹುದು, ಅದು ಹಾಗೆಯೇ ಇರಬೇಕು ಕೂಡ. ಈ ಭಾಗಕ್ಕೆ ಖರ್ಚು ಹೆಚ್ಚು. ಹಣ ಕಡಿಮೆಯಾದಾಗ ಮೊದಲು ಕತ್ತರಿ ಬೀಳುವುದೂ ಇದಕ್ಕೇ.

ಟ್ರಾನ್ಸ್‌ಮಿಟರ್‌ಗಳ ಬೆಲೆ ತಿಳಿಯಬೇಕಾದರೆ 1987ರಲ್ಲಿ ದೇಶದ ಉತ್ತರ ತುದಿಯಲ್ಲಿರುವ ನಾರ್ತ್‌ಲ್ಯಾಂಡ್‌ನ ವೈಟಾಂಗಿ ಕಾಡಿನಲ್ಲಿ ನಡೆದದ್ದನ್ನು ನೆನೆಯಬೇಕು. ಅಲ್ಲಿ ಟ್ರಾನ್ಸ್‌ಮಿಟರ್ ಕಟ್ಟಿದ್ದ 24 ಕೀವಿಗಳಲ್ಲಿ 13 ಹಕ್ಕಿಗಳು ಕೆಲವೇ ವಾರಗಳಲ್ಲಿ ಸತ್ತವು. ಕೊಂದದ್ದು ದಾರಿತಪ್ಪಿ ಕಾಡಿನಲ್ಲಿ ಅಲೆಯುತ್ತಿದ್ದ ಒಂದೇ ಒಂದು ಜರ್ಮನ್ ಶೆಫರ್ಡ್ ನಾಯಿ. ಆ ಅನುಪಾತದಿಂದ ಅಂದಾಜು ಮಾಡಿದಾಗ ಕಾಡಿನಲ್ಲಿದ್ದ ಸುಮಾರು 900 ಕೀವಿಗಳಲ್ಲಿ 500ರಷ್ಟು ಹಾಗೆಯೇ ಸತ್ತಿರಬಹುದೆಂದು ತಿಳಿಯಿತು. ಕಾಲಿಗೆ ಟ್ರಾನ್ಸ್‌ಮಿಟರ್ ಕಟ್ಟಿದ ಆ ಕೆಲವು ಹಕ್ಕಿಗಳು ಇಲ್ಲದಿದ್ದರೆ ಈ ಅನಾಹುತ ಯಾರ ಗಮನಕ್ಕೂ ಬರುತ್ತಿರಲಿಲ್ಲ.

ನಾಯಿಯ ವಿಷಯವನ್ನು ಇಲ್ಲಿರುವ ಕನ್ನಡಿಗರಿಗಾಗಿ ಇನ್ನಷ್ಟು ವಿವರಿಸುತ್ತೇನೆ, ಏಕೆಂದರೆ ರಜೆಯಲ್ಲಿ ನಾಯಿಯೊಂದಿಗೆ ನಾರ್ತ್‌ಲ್ಯಾಂಡ್‌ಗೋ ಕೋರಮಂಡಲ್‌ಗೋ ಹೋಗುವ ನಮ್ಮ ಕುಟುಂಬಗಳೂ ಇವೆ. ಹಾರುವ ಹಕ್ಕಿಗಳಿಗಿರುವ ಬಲವಾದ ಎದೆಮೂಳೆ ಕೀವಿಗೆ ಇಲ್ಲ. ಸಾಧು ಸ್ವಭಾವದ ನಾಯಿ ಆಟಕ್ಕೆಂದು ಮೆಲ್ಲಗೆ ಬಾಯಲ್ಲಿ ಹಿಡಿದರೂ ಅದರ ಪಕ್ಕೆಲುಬುಗಳು ಕುಸಿದು ಹಕ್ಕಿ ಸಾಯುತ್ತದೆ. ಬೇರೆಡೆ ದಶಕಗಳ ಕಾಲ ಬದುಕುವ ಕೀವಿಯ ಸರಾಸರಿ ಆಯುಸ್ಸು ನಾರ್ತ್‌ಲ್ಯಾಂಡ್‌ನಲ್ಲಿ ಹದಿನಾಲ್ಕು ವರ್ಷಗಳ ಆಸುಪಾಸಿಗೆ ಇಳಿದಿರುವುದಕ್ಕೆ ನಾಯಿಗಳೇ ಮುಖ್ಯ ಕಾರಣ. ಕೀವಿಯ ವಾಸನೆ ಕಂಡರೆ ದೂರ ಸರಿಯುವಂತೆ ನಾಯಿಗೆ ತರಬೇತಿ ಕೊಡಿಸಬಹುದು, ಕೊಡಿಸಬೇಕು, ಆದರೆ ಆ ತರಬೇತಿ ಹಗ್ಗಕ್ಕೆ ಬದಲಿಯಲ್ಲ.

ಊರಿನವರೇ ಹೊಣೆ ಹೊತ್ತರೆ ಏನಾಗುತ್ತದೆ ಎಂಬುದಕ್ಕೆ ಅದೇ ನಾರ್ತ್‌ಲ್ಯಾಂಡ್‌ನ ಫಾಂಗರೇ ಹೆಡ್ಸ್ ಉತ್ತಮ ನಿದರ್ಶನ. 2001ರ ಹೊತ್ತಿಗೆ ಅಲ್ಲಿದ್ದ ಕೀವಿಗಳು ಸುಮಾರು 80. ರೈತರು, ಜಮೀನುದಾರರು, ನಿವೃತ್ತರು ಸೇರಿ ಬೋನು ಹೂಡುತ್ತ, ನಾಯಿ ಕಟ್ಟುತ್ತ, ಪ್ರತಿ ವರ್ಷ ಕೂಗು ಎಣಿಸುತ್ತ ಬಂದದ್ದರಿಂದ ಇಂದು ಅವು ಸಾವಿರದ ಗಡಿ ದಾಟಿವೆ. ನಮ್ಮ ವೆಲ್ಲಿಂಗ್ಟನ್‌ನ ಕ್ಯಾಪಿಟಲ್ ಕೀವಿ ಯೋಜನೆಯವರು ಹಕ್ಕಿ ತರುವುದಕ್ಕೆ ಮೊದಲೇ, ನೂರಕ್ಕೂ ಹೆಚ್ಚು ಜಮೀನುದಾರರನ್ನು ಒಪ್ಪಿಸಿ, ನಗರದ ಪಶ್ಚಿಮದ ಗುಡ್ಡಗಳಲ್ಲಿ ಸುಮಾರು 24,000 ಹೆಕ್ಟೇರ್ ಉದ್ದಗಲಕ್ಕೆ 4,500ಕ್ಕೂ ಹೆಚ್ಚು ಬೋನುಗಳನ್ನು ಹೂಡಿದರು. ಮೊದಲ ಹಕ್ಕಿಗಳನ್ನು ಬಿಟ್ಟದ್ದು 2022ರ ನವೆಂಬರ್‌ನಲ್ಲಿ. ನೂರು ವರ್ಷಗಳಿಗೂ ಹೆಚ್ಚು ಕಾಲ ಕೀವಿ ಇಲ್ಲದಿದ್ದ ಆ ಗುಡ್ಡಗಳಲ್ಲಿ ಮರುವರ್ಷವೇ ಮರಿಗಳು ಹುಟ್ಟಿದವು. ಕಾರ್ಯದ ಈ ಅನುಕ್ರಮವನ್ನು ನಾನು ಬಹುವಾಗಿ ಮೆಚ್ಚುತ್ತೇನೆ.

ನನ್ನ ಕಳವಳ ಮುಂದಿನದರ ಬಗ್ಗೆ. 2020ರಲ್ಲಿ ಆರಂಭವಾದ ಸರ್ಕಾರದ ಜಾಬ್ಸ್ ಫಾರ್ ನೇಚರ್ ಕಾರ್ಯಕ್ರಮದಿಂದ ಅನೇಕ ಸ್ಥಳೀಯ ಗುಂಪುಗಳು ಸಂಬಳದ ಕೆಲಸಗಾರರನ್ನು ಇಟ್ಟುಕೊಂಡು ಬೋನುಗಳ ಸಾಲನ್ನು ದೂರದೂರಕ್ಕೆ ವಿಸ್ತರಿಸಿದವು. ಆ ಹಣದ ಅವಧಿ 2025ಕ್ಕೆ ಮುಗಿಯಿತು. ಅದೇ ವರ್ಷದ ಬಜೆಟ್‌ನಲ್ಲಿ, ಹೊರಗಿನಿಂದ ಬಂದ ಬೇಟೆಪ್ರಾಣಿಗಳನ್ನು 2050ರೊಳಗೆ ದೇಶದಿಂದ ನಿರ್ಮೂಲ ಮಾಡುವ ಪ್ರಿಡೇಟರ್ ಫ್ರೀ 2050 ಗುರಿಗಾಗಿ ಸ್ಥಾಪಿಸಿದ್ದ ಕಂಪನಿಯನ್ನು ಮುಚ್ಚಿ ಅದರ ಕೆಲಸವನ್ನು ಸಂರಕ್ಷಣಾ ಇಲಾಖೆಗೆ ವಹಿಸುವುದಾಗಿ ಸರ್ಕಾರ ಪ್ರಕಟಿಸಿತು. ಮೂರೋ ನಾಲ್ಕೋ ವರ್ಷಕ್ಕೆ ಹಣ ಕೊಟ್ಟು ಕೈತೊಳೆದುಕೊಳ್ಳುವ ಪದ್ಧತಿ, ನಲವತ್ತು ವರ್ಷ ಬದುಕುವ ಹಕ್ಕಿಗೂ ಪ್ರತಿ ಬೇಸಿಗೆಯಲ್ಲಿ ಮರಳಿ ಬರುವ ಸ್ಟೋಟ್‌ಗೂ ಹೊಂದುವುದಿಲ್ಲ. ಹೊಸ ಬೋನು ಕೊಳ್ಳಲು ದಾನಿಗಳು ಸಿಗುತ್ತಾರೆ. ಹತ್ತನೆಯ ವರ್ಷದಲ್ಲಿ ಅದನ್ನು ನೋಡಿ ಬರುವವರ ಪೆಟ್ರೋಲಿಗೆ, ಟ್ರಾನ್ಸ್‌ಮಿಟರ್ ಬದಲಿಸುವವರ ಸಂಬಳಕ್ಕೆ, ಅಂಕಿಗಳನ್ನು ಜೋಡಿಸಿ ವರದಿ ಬರೆಯುವವರ ವೇಳೆಗೆ ಹಣ ಸಿಗುವುದು ಕಷ್ಟ. ಹೊಸ ಜಾಗದಲ್ಲಿ ಕೀವಿ ಬಿಡಲು ಅನುಮತಿ ಕೇಳುವ ಪ್ರತಿಯೊಂದು ಯೋಜನೆಯೂ ಕನಿಷ್ಠ ಹತ್ತು ವರ್ಷಗಳ ಬೋನು ನಿರ್ವಹಣೆಗೆ ಮತ್ತು ಎಣಿಕೆಗೆ ಬೇಕಾದ ಹಣವನ್ನು ಮೊದಲೇ ಖಾತ್ರಿಪಡಿಸಬೇಕು, ಫಲಿತಾಂಶ ಕೆಟ್ಟದ್ದಾದರೂ ಪ್ರತಿ ವರ್ಷ ಸಾರ್ವಜನಿಕರ ಮುಂದಿಡಬೇಕು ಎಂದು ನಾನು ಒತ್ತಾಯಿಸುತ್ತೇನೆ.

ನ್ಯೂಜಿಲೆಂಡ್‌ನಲ್ಲಿರುವ ಸ್ನೇಹಿತರು ತಮ್ಮ ಊರಿನ ಗುಂಪನ್ನು ಏಪ್ರಿಲ್ ಹೊತ್ತಿಗೇ ಸಂಪರ್ಕಿಸಿದರೆ, ಮೇ ತಿಂಗಳ ಎಣಿಕೆಗೆ ಹೆಸರು ಕೊಡಲು ಸಮಯ ಸಿಗುತ್ತದೆ. ಮುಂಚಿನ ಅನುಭವ ಬೇಕಿಲ್ಲ; ಬೆಚ್ಚನೆಯ ಬಟ್ಟೆ, ದಿಕ್ಸೂಚಿ, ಟಾರ್ಚು, ಪೆನ್ಸಿಲ್ಲು ಇದ್ದರೆ ಸಾಕು, ಉಳಿದದ್ದನ್ನು ಅವರೇ ಕಲಿಸುತ್ತಾರೆ.