ಒಂದು ಪ್ರಬಂಧ ರದ್ದಾದ ಮಾತ್ರಕ್ಕೆ ಅಮಿಲಾಯ್ಡ್ ಸಂಶೋಧನೆಯೆಲ್ಲ ಸುಳ್ಳಾಗುವುದಿಲ್ಲ

ಅಲ್ಝೈಮರ್ ಸಂಶೋಧನೆಯೆಲ್ಲ ಹದಿನಾರು ವರ್ಷಗಳ ಮೋಸ, ಔಷಧ ಕಂಪನಿಗಳ ನಾಟಕ ಎಂಬ ಅರ್ಥದ ಬರಹಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ತಲೆಯೆತ್ತುತ್ತಿರುತ್ತವೆ. ಮರೆವಿನ ಕಾಯಿಲೆಯ ಹಿರಿಯರು ಮನೆಯಲ್ಲಿರುವವರು ಅವನ್ನು ಓದಿ ಕಂಗೆಡುವುದು ಸಹಜ. ಆ ಮಾತಿನ ಬುಡದಲ್ಲಿ ನಿಜವಾದ ಹಗರಣವೊಂದು ಇದೆ. ಆದರೆ ಅದರಿಂದ ಎಳೆದು ತಂದಿರುವ ತೀರ್ಮಾನವನ್ನು ನಾನು ಒಪ್ಪಲಾರೆ.

2006ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ತಂಡವೊಂದು, ಅಮಿಲಾಯ್ಡ್ ಬೀಟಾ ಎಂಬ ಪ್ರೋಟೀನ್ ತುಣುಕುಗಳು ಕೂಡಿ ಆದ ಒಂದು ನಿರ್ದಿಷ್ಟ ಪುಟ್ಟ ಗುಂಪನ್ನು ಬೇರ್ಪಡಿಸಿದ್ದಾಗಿಯೂ, ಅದನ್ನು ಆರೋಗ್ಯವಂತ ಇಲಿಗಳಿಗೆ ಚುಚ್ಚಿದಾಗ ಅವುಗಳ ನೆನಪು ಕುಂದಿದ್ದಾಗಿಯೂ ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿತು. ಪ್ರೋಟೀನ್‌ಗಳನ್ನು ಗಾತ್ರಕ್ಕೆ ತಕ್ಕಂತೆ ಜೆಲ್‌ನಲ್ಲಿ ಬೇರ್ಪಡಿಸಿ, ಪ್ರತಿಕಾಯಗಳ ನೆರವಿನಿಂದ ಕಪ್ಪು ಪಟ್ಟಿಗಳಾಗಿ ಕಾಣಿಸುವ ವೆಸ್ಟರ್ನ್ ಬ್ಲಾಟ್ ಚಿತ್ರಗಳು ಅದರ ಮುಖ್ಯ ಆಧಾರಗಳಲ್ಲಿ ಒಂದು. ಅಂಥ ಕೆಲವು ಚಿತ್ರಗಳಲ್ಲಿ ಪಟ್ಟಿಗಳನ್ನು ನಕಲು ಮಾಡಿ ಅಂಟಿಸಿದಂತೆ ಕಾಣುತ್ತದೆ ಎಂದು ನರವಿಜ್ಞಾನಿ ಮ್ಯಾಥ್ಯೂ ಶ್ರ್ಯಾಗ್ ಎತ್ತಿದ ಸಂಶಯವನ್ನು 2022ರಲ್ಲಿ ‘ಸೈನ್ಸ್’ ಪತ್ರಿಕೆ ವಿವರವಾಗಿ ಪ್ರಕಟಿಸಿತು. ಮೂಲ ಪ್ರಬಂಧ ರದ್ದಾದದ್ದು 2024ರಲ್ಲಿ. ಜಗತ್ತಿಗೇ ಗೊತ್ತಾದ ಮೇಲೂ ಎರಡು ವರ್ಷ ಬೇಕಾಯಿತೆಂಬುದು ನನ್ನ ದೃಷ್ಟಿಯಲ್ಲಿ ಅಕ್ಷಮ್ಯ.

ಆದರೆ ಮಿದುಳಿನಲ್ಲಿ ಅಮಿಲಾಯ್ಡ್ ಬೀಟಾ ಶೇಖರವಾಗುವುದೇ ಅಲ್ಝೈಮರ್ ಕಾಯಿಲೆಯ ಮೂಲ ಎನ್ನುವ ಅಮಿಲಾಯ್ಡ್ ಸಿದ್ಧಾಂತ ಆ ಪ್ರಬಂಧದ ಮೇಲೆ ನಿಂತಿರಲಿಲ್ಲ. ಜರ್ಮನ್ ವೈದ್ಯ ಅಲೋಯ್ಸ್ ಅಲ್ಝೈಮರ್ 1906ರಲ್ಲಿ ವಿವರಿಸಿದ, ಮಿದುಳಿನಲ್ಲಿ ಕಟ್ಟಿಕೊಳ್ಳುವ ಪ್ಲಾಕ್ ಎಂಬ ಶೇಖರಣೆಗಳಲ್ಲಿರುವುದು ಯಾವ ಪ್ರೋಟೀನ್ ಎಂಬುದರ ಸುಳಿವು 1984ರಲ್ಲಿ ಗ್ಲೆನರ್ ಮತ್ತು ವಾಂಗ್ ಅವರಿಂದ ಸಿಕ್ಕಿತು. ನರಕೋಶದ ಪೊರೆಯಲ್ಲಿರುವ ದೊಡ್ಡ ಪ್ರೋಟೀನೊಂದರಿಂದ ಕತ್ತರಿಸಿಬಿದ್ದ, 40 ಅಥವಾ 42 ಅಮೈನೋ ಆಮ್ಲಗಳ ತುಣುಕು ಅದು. 42ರದ್ದು ಹೆಚ್ಚು ಅಂಟುಗುಣದ್ದು. ತಪ್ಪಾಗಿ ಮಡಚಿಕೊಂಡ ತುಣುಕುಗಳು ಒಂದರ ಮೇಲೊಂದು ಕುಳಿತು ಎಳೆಯಾಗುತ್ತವೆ, ಆ ಎಳೆಯ ತುದಿ ಹೊಸ ತುಣುಕುಗಳನ್ನು ಹಿಡಿದು ತನ್ನದೇ ಆಕಾರಕ್ಕೆ ತರುತ್ತದೆ. ಈ ಮೂಲ ಪ್ರೋಟೀನಿನ ಜೀನ್ ಇರುವುದು 21ನೇ ಕ್ರೋಮೋಸೋಮಿನಲ್ಲಿ. ಆ ಕ್ರೋಮೋಸೋಮಿನ ಮೂರು ಪ್ರತಿಗಳಿರುವ ಡೌನ್ ಸಿಂಡ್ರೋಮ್‌ನವರಲ್ಲಿ ಅಲ್ಝೈಮರ್ ಬದಲಾವಣೆಗಳು ಬಹಳ ಬೇಗ ಕಾಣಿಸಿಕೊಳ್ಳಲು ಇದೇ ಮುಖ್ಯ ಕಾರಣ. ಅದೇ ಜೀನಿನ ಒಂದು ವಿರಳ ರೂಪಾಂತರ ಈ ತುಣುಕುಗಳ ಉತ್ಪತ್ತಿಯನ್ನು ತಗ್ಗಿಸಿ, ಅದನ್ನು ಹೊತ್ತವರನ್ನು ಕಾಯಿಲೆಯಿಂದ ಕಾಪಾಡುತ್ತದೆಂದು 2012ರಲ್ಲಿ ಐಸ್‌ಲ್ಯಾಂಡಿನ ಜನರಲ್ಲಿ ಕಂಡುಬಂತು. ಜೀನ್ ಒಂದೇ, ಒಂದು ಕಡೆ ಹೆಚ್ಚಾಗಿ ಕಾಯಿಲೆ, ಇನ್ನೊಂದು ಕಡೆ ಕಡಿಮೆಯಾಗಿ ರಕ್ಷಣೆ. ಇದನ್ನು ಯಾವ ನಕಲಿ ಚಿತ್ರವೂ ಸೃಷ್ಟಿಸಿಲ್ಲ. ಮಿದುಳಿನಿಂದ ಅಮಿಲಾಯ್ಡ್ ತೆಗೆಯಲು ಈಗ ಬಳಕೆಯಲ್ಲಿರುವ ಲೆಕಾನೆಮಾಬ್ ಔಷಧದ ವಂಶಾವಳಿಯೂ ಬೇರೆ. ಸ್ವೀಡನ್ನಿನ ಕುಟುಂಬವೊಂದರಲ್ಲಿ ಸಿಕ್ಕ, ಅದೇ ಜೀನಿನ ‘ಆರ್ಕ್ಟಿಕ್’ ಎಂಬ ರೂಪಾಂತರದ ಬಗ್ಗೆ 2001ರಲ್ಲಿ ಲಾರ್ಸ್ ಲಾನ್‌ಫೆಲ್ಟ್ ಮತ್ತು ಸಂಗಡಿಗರು ಪ್ರಕಟಿಸಿದ ಕೆಲಸದಿಂದ ಅದು ಹುಟ್ಟಿತು.

ಹಾಗೆಂದು ಈ ಔಷಧವನ್ನು ಹೊಗಳಿ ಅಟ್ಟಕ್ಕೇರಿಸುವವರ ಜೊತೆಗೂ ನಾನಿಲ್ಲ. ಸುಮಾರು 1,800 ಜನರ ಮೇಲೆ ನಡೆದ ಪ್ರಯೋಗದಲ್ಲಿ ಹದಿನೆಂಟು ತಿಂಗಳ ಬಳಿಕ ನೆನಪು ಮತ್ತು ದಿನನಿತ್ಯದ ಸಾಮರ್ಥ್ಯದ ಕುಸಿತ 27% ನಿಧಾನವಾಯಿತೆಂಬುದು ಪತ್ರಿಕೆಗಳ ತಲೆಬರಹವಾಯಿತು. ಆ ಕುಸಿತವನ್ನು ಅಳೆಯುವ 18 ಅಂಕಗಳ ಮಾಪಕದಲ್ಲಿ ಆ ವ್ಯತ್ಯಾಸ 0.45 ಅಂಕ ಮಾತ್ರ ಎಂಬುದು ಅನೇಕ ಸುದ್ದಿಗಳಲ್ಲಿ ಬರಲೇ ಇಲ್ಲ. ಆರಂಭದಲ್ಲಿ ಎರಡು ವಾರಕ್ಕೊಮ್ಮೆ ಡ್ರಿಪ್, ನಡುನಡುವೆ ಎಂಆರ್‌ಐ, ಮಿದುಳಿನಲ್ಲಿ ಬಾವು ಅಥವಾ ಸಣ್ಣ ರಕ್ತಸ್ರಾವದ ಭಯ. ಅಲ್ಝೈಮರ್ ಅಪಾಯವನ್ನು ಹೆಚ್ಚಿಸುವ ಎಪಿಒಇ4 ಜೀನಿನ ಎರಡು ಪ್ರತಿಗಳಿರುವವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಆ ಬಾವು ಸ್ಕ್ಯಾನ್‌ನಲ್ಲಿ ಕಂಡಿತು. ಅಮಿಲಾಯ್ಡ್ ಶೇಖರಣೆ ಮರೆವು ಕಾಣಿಸುವ ಹದಿನೈದು ಇಪ್ಪತ್ತು ವರ್ಷ ಮೊದಲೇ ಶುರುವಾಗುತ್ತದೆ. ಮರೆವು ಕಾಣಿಸುವ ಹೊತ್ತಿಗೆ ಟೌ ಎಂಬ ಇನ್ನೊಂದು ಪ್ರೋಟೀನಿನ ಗಂಟುಗಳು ನರಕೋಶಗಳನ್ನು ಕೊಲ್ಲತೊಡಗಿರುತ್ತವೆ. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರೆ ಸಿಗುವ ಫಲ ಇಷ್ಟೇ.

ನನ್ನ ತಕರಾರು ಇರುವುದು, ದಶಕಗಳ ಕಾಲ ಹಣ ಮತ್ತು ಗಮನವೆಲ್ಲ ಅಮಿಲಾಯ್ಡ್ ಎಂಬ ಈ ಒಂದೇ ಬಾಗಿಲ ಮುಂದೆ ಸಾಲುಗಟ್ಟಿ ನಿಂತದ್ದರ ಬಗ್ಗೆ. ಟೌ ಎಳೆಗಳ ನಿಖರ ರಚನೆ ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡದ್ದೇ 2017ರಲ್ಲಿ, ಕೇಂಬ್ರಿಜ್‌ನ ಗೋಡರ್ಟ್ ಮತ್ತು ಶೆರೆಸ್ ಅವರ ತಂಡಕ್ಕೆ. ಅಲ್ಝೈಮರ್ ಮಿದುಳಿನಲ್ಲಿ ಟೌ ‘ಸಿ’ ಅಕ್ಷರದಂತೆ ಬಾಗಿ ಜೋಡಿಯಾಗುತ್ತದೆ. ಮಿದುಳನ್ನು ಕ್ಷೀಣಿಸುವ ಇನ್ನೊಂದು ಕಾಯಿಲೆಯಾದ ಪಿಕ್ ಕಾಯಿಲೆಯಲ್ಲಿ ಅದೇ ಟೌ ಬೇರೆಯೇ ಆಕಾರ ತಳೆಯುತ್ತದೆ. ಪ್ರೋಟೀನಿನ ಹೆಸರು ಒಂದೇ ಆದರೂ ಕಾಯಿಲೆಗೊಂದು ಮಡಿಕೆ ಎಂದ ಮೇಲೆ, ಪತ್ತೆಹಚ್ಚುವ ಪರೀಕ್ಷೆಗಳೂ ಔಷಧಗಳೂ ಆಕಾರವನ್ನೇ ಗುರಿಯಾಗಿಸಬೇಕಾಗುತ್ತದೆ. ಪಾರ್ಕಿನ್ಸನ್‌ನಲ್ಲಿ ಈ ದಾರಿ ಆಗಲೇ ತೆರೆದಿದೆ: ರೋಗಿಯ ಬೆನ್ನುಹುರಿಯ ದ್ರವದಲ್ಲಿರುವ ಕೆಟ್ಟ ಮಡಿಕೆಯ ಆಲ್ಫಾ ಸಿನ್ಯೂಕ್ಲೀನ್ ಎಂಬ ಪ್ರೋಟೀನ್, ಪ್ರಯೋಗನಳಿಕೆಯಲ್ಲಿನ ಒಳ್ಳೆಯ ಪ್ರೋಟೀನನ್ನೂ ಕೆಡಿಸುತ್ತದೆಯೇ ಎಂದು ನೋಡಿ ಕಾಯಿಲೆಯನ್ನು ಗುರುತಿಸುವ ಪರೀಕ್ಷೆ ಬಂದಿದೆ.

ಮೇಲಿನ ಜೀನ್ ಸಾಕ್ಷ್ಯದ ಬಹುಪಾಲು ಯುರೋಪು ಮೂಲದವರದ್ದು ಎಂಬುದು ನಮಗೆ ಮುಖ್ಯವಾಗಬೇಕು. ಅದಕ್ಕಾಗಿಯೇ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ, ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ 10,000 ಮಂದಿಯನ್ನು ದೀರ್ಘಕಾಲ ಅನುಸರಿಸುವ ಗುರಿಯಿಂದ ನಡೆಸುತ್ತಿರುವ ಅಧ್ಯಯನಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಇನ್ನು ಪ್ರೋಟೀನಿನ ಆಕಾರವನ್ನು ಅರಿಯಲು ಬೇಕಾಗುವುದು ತೀರಿಹೋದವರ ಮಿದುಳು. 2017ರ ಆ ಚಿತ್ರ ದೊರೆತದ್ದೂ ಒಬ್ಬ ರೋಗಿಯ ಮಿದುಳಿನಿಂದ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಾನವ ಮಿದುಳು ಬ್ಯಾಂಕ್ ಇದೆ, ದಾನಕ್ಕೆ ಹತ್ತಿರದ ಬಂಧುಗಳ ಒಪ್ಪಿಗೆ ಬೇಕು, ಮತ್ತು ಆ ಮಾತನ್ನು ಮನೆಯಲ್ಲಿ ಮೊದಲೇ ಆಡಿಟ್ಟಿರದಿದ್ದರೆ ಸಾವಿನ ಗಡಿಬಿಡಿಯಲ್ಲಿ ಅದು ಯಾರಿಗೂ ನೆನಪಾಗುವುದಿಲ್ಲ.