ಬೆಲ್ ಒತ್ತುವ ಮೊದಲೇ ಬಂದರೆ
ಆಸ್ಪತ್ರೆಯಲ್ಲಿ ನರ್ಸ್‌ಗಳು ಗಂಟೆಗೊಮ್ಮೆ ರೌಂಡ್ಸ್ ಮಾಡಿದರೆ, ಅಂದರೆ ಒಬ್ಬೊಬ್ಬ ರೋಗಿಯ ಹತ್ತಿರವೂ ಹೋಗಿ ವಿಚಾರಿಸಿದರೆ, ಅವರಿಗೆ ಕೆಲಸ ಜಾಸ್ತಿ ಎಂದು ಬರೆದಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಅಮೆರಿಕದ ಆಸ್ಪತ್ರೆಗಳಲ್ಲಿ ಇದನ್ನು ಮಾಡಿ ನೋಡಿದ ಅಧ್ಯಯನವೊಂದು 2006ರಲ್ಲಿ ಬಂತು. ರೋಗಿಗಳು ನರ್ಸನ್ನು ಕರೆಯಲು ಬೆಲ್ ಒತ್ತುವುದೂ ಕಮ್ಮಿ, ಬೀಳುವುದೂ ಕಮ್ಮಿ ಆಗಿತ್ತು. ಕೇಳಬೇಕಾದ್ದು ಸಣ್ಣ ವಿಷಯಗಳೇ: ನೋವಿದೆಯಾ, ಬಾತ್‌ರೂಮಿಗೆ ಹೋಗಬೇಕಾ, ಮಗ್ಗುಲು ಬದಲಿಸಬೇಕಾ, ನೀರು ಕೈಗೆ ಸಿಗುತ್ತಾ.

ನಮ್ಮತ್ತೆಗೆ ಸೊಂಟದ ಆಪರೇಷನ್ ಆಗಿದ್ದಾಗ ರಾತ್ರಿ ಪಾಳಿಯ ಸಿಸ್ಟರ್ ಒಬ್ಬರು ಬಂದವರೇ ಬೆಡ್ಡಿನ ಕಂಬಿ ಎತ್ತಿ, "ಅಜ್ಜಿ, ಏಳೋದಾದ್ರೆ ಈಗಲೇ ಹೇಳಿ, ನಾನು ಹಿಡ್ಕೋತೀನಿ" ಅನ್ನುತ್ತಿದ್ದರು. ಎಷ್ಟೋ ಕಡೆ ಇದೆಲ್ಲ ಜೊತೆಗಿರುವ ಮನೆಯವರ ತಲೆಗೇ ಬೀಳುತ್ತದೆ, ಅಲ್ವಾ? ಅವರಿಗೆ ನಿದ್ದೆ ಹತ್ತಿದರೆ ಮುಗೀತು.

ಆದರೆ ಸಿಬ್ಬಂದಿ ಕೊಡದೆ ರೌಂಡ್ಸ್ ಕೇಳಬೇಡಿ. ಒಬ್ಬರಿಗೇ ಇಡೀ ವಾರ್ಡ್ ವಹಿಸಿದರೆ ಪಾಳಿ ಮುಗಿಯುವಾಗ ರೌಂಡ್ಸ್ ಆಯಿತೆಂದು ಚಾರ್ಟಿಗೆಲ್ಲ ಒಟ್ಟಿಗೆ ಟಿಕ್ ಹಾಕುತ್ತಾರೆ, ಇನ್ನೇನು ಮಾಡಿಯಾರು?